ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ಮಾತು ಕಲಿಸಿದ ತಾಯಿಗೆ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1874ರಲ್ಲಿ ಆರಂಭವಾದ ಮೆರ್ಕಾತೊ ಚೆಂತ್ರಾಲೆ ಎಂಬ ಮಾರುಕಟ್ಟೆಯ ಚೀಸ್ ಅಂಗಡಿಯೆದುರು, ನಾನು ಕೇಳದೆಯೇ ನೆರವಿಗೆ ಬಂದ, ಹೆಸರು ತಿಳಿಯದ ಹಿರಿಯ ತಾಯಿ, ತಮಗೆ ಹೃತ್ಪೂರ್ವಕ ಧನ್ಯವಾದಗಳು. 'ಬೊಂಜೊರ್ನೊ' ಎಂದು ವಂದಿಸದೆ ಬೆಲೆ ವಿಚಾರಿಸುವುದು ಅಲ್ಲಿ ಒರಟುತನವೆನಿಸುತ್ತದೆ ಎಂದು ತಿಳಿಹೇಳಿದ ತಾವು, ನೂರು ಗ್ರಾಂ ಬೇಕಿದ್ದರೆ 'ವೊರ್ರೇಯಿ ಉನ್ ಎತ್ತೊ' ಎಂದೂ ಇಷ್ಟು ಸಾಕೆನ್ನಲು 'ಬಸ್ತಾ ಕೊಸೀ' ಎಂದೂ ಹೇಳುವುದನ್ನು ತಾಳ್ಮೆಯಿಂದ ಕಲಿಸಿದಿರಿ. ಬೆಲೆ ಕೇಳುವ 'ಕ್ವಾಂತೊ ಕೊಸ್ತಾ' ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಆದರೆ ಹಣ್ಣನ್ನು ಮುಟ್ಟಿ ಆರಿಸದೆ (ನಮ್ಮ ಸಂತೆಗಳ ಅಭ್ಯಾಸವಿದ್ದವರಿಗೆ ಇದು ಕಷ್ಟವೇ), ಇಂದೇ ತಿನ್ನುವುದಿದ್ದರೆ 'ಪೆರ್ ಒಜ್ಜಿ' ಎಂದಷ್ಟೇ ಹೇಳಿ ಆಯ್ಕೆಯನ್ನು ವ್ಯಾಪಾರಿಗೇ ಬಿಡಬೇಕೆಂದು ತಾವು ಕೊಟ್ಟ ಸಲಹೆಯಿಂದಾಗಿ, ಮರುದಿನ ಸಂತ್ ಅಂಬ್ರೋಜೊ ಮಾರುಕಟ್ಟೆಯಲ್ಲಿ ಹದವಾಗಿ ಮಾಗಿದ ಪೀಚ್ ಹಣ್ಣುಗಳೇ ನನಗೆ ದೊರೆತವು.