ಗೆಳೆಯನಿಗೊಂದು ಪತ್ರ: ಅಮ್ಮನ ಸಂಗಟಿ, ನನ್ನ ಮುದ್ದೆ

ಮುಳಬಾಗಿಲು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

ನೀನು ಕಳಿಸಿದ ‘ನಿಜಕ್ಕೂ ನೀವು ಯಾವ ದೇಶದವರು?’ ಎಂಬ ಕ್ವಿಜ್‌ಗೆ ನಿನ್ನೆ ಕೂತು ಉತ್ತರ ಕೊಟ್ಟೆ. ಕಾಫಿಯೋ ಟೀಯೋ, ಬೆಟ್ಟವೋ ಕಡಲೋ, ಹೇಳಿದ ಹೊತ್ತಿಗೆ ಹೋಗುತ್ತೀರೋ ತಡಮಾಡುತ್ತೀರೋ ಎಂದೆಲ್ಲ ಕೇಳಿ, ಹನ್ನೆರಡನೆಯ ಪ್ರಶ್ನೆ ಮುಗಿಯುತ್ತಲೇ ನಾನು ಇಟಲಿಯವನೆಂದು ತೀರ್ಮಾನಿಸಿತು. ನೀನು ಜಪಾನಿನವನಂತೆ. ಛತ್ರಿಯ ಪ್ರಕರಣ ಗೊತ್ತಿರುವ ಯಾರೂ ಇದನ್ನು ಒಪ್ಪಲಾರರು.

ಒಂದೊಂದು ಉತ್ತರಕ್ಕೂ ಒಂದೊಂದು ದೇಶದ ಹೆಸರಿನಲ್ಲಿ ಅಂಕ ಕೂಡಿಸುತ್ತಾ ಹೋಗಿ, ಹೆಚ್ಚು ಅಂಕ ಬಂದದ್ದನ್ನು ಕೊನೆಗೆ ತೋರಿಸುವುದು ಇಂಥವುಗಳ ಸಾಮಾನ್ಯ ಲೆಕ್ಕ. ನಮಗೆ ಏನು ಇಷ್ಟವೆಂದು ಅದು ಕೇಳುತ್ತದೆಯೇ ಹೊರತು, ನಮಗೆ ಮೊದಲ ತುತ್ತು ಇಟ್ಟವರು ಯಾವ ಮಾತಾಡುತ್ತಾ ಇಟ್ಟರೆಂದು ಕೇಳುವುದಿಲ್ಲ. ತಮಿಳುನಾಡಿನ ಉತ್ತರ ಆರ್ಕಾಟಿನ ಕಡೆಯಿಂದ ಬಂದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ದುಡಿದ ನಿನ್ನ ತಾತ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ, ಊರಿಗೆ ಹೋಗಿಬಿಡೋಣವೆಂದು ಮನೆಯವರು ಮಾತು ತೆಗೆದಾಗ ‘ಯಾವ ಊರಿಗೆ?’ ಎಂದು ಕೇಳಿದ್ದರಂತಲ್ಲ, ಆ ಪ್ರಶ್ನೆ ಯಾವ ಕ್ವಿಜ್‌ನಲ್ಲಿ ಬಂದೀತು?

ಇವತ್ತು ಮಧ್ಯಾಹ್ನ ಅಮ್ಮ ಮುದ್ದೆ ಕಟ್ಟುವುದನ್ನು ನೋಡುತ್ತಾ ಕೂತಿದ್ದೆ. ಹಿಟ್ಟು ಕೋಲಿಗೆ ಅಂಟದಂತಾಗುವ ತನಕ ತಿರುವಿ, ಕೈಯನ್ನು ತಣ್ಣೀರಿಗೆ ಅದ್ದಿ, ಹಬೆಯಾಡುತ್ತಿರುವಾಗಲೇ ಉಂಡೆ ಮಾಡಿ ತಟ್ಟೆಗೆ ಇಟ್ಟಳು. ಅವಳ ತೆಲುಗಿನಲ್ಲಿ ಅದು ಸಂಗಟಿ, ನಿನ್ನ ಮನೆಯ ತಮಿಳಿನಲ್ಲಿ ಕಳಿ, ಶಾಲೆಯಲ್ಲಿ ನಾವಿಬ್ಬರೂ ಕಲಿತದ್ದು ಮುದ್ದೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಅದೇ ಕೋಲಾರ ಅದಕ್ಕೂ ಮೊದಲು ಗಂಗರ ರಾಜಧಾನಿಯಾಗಿತ್ತು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಮನೆಮಾತು ತಮಿಳಾದರೂ ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದರು. ನಮ್ಮ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ. ಆದರೂ ಅಮ್ಮನ ಕೈ ನೋಡುತ್ತಿದ್ದಂತೆ, ನಿನಗೂ ಈವರೆಗೆ ಹೇಳದ ಒಂದು ಮಾತು ನೆನಪಾಗಿ ತುತ್ತು ಇಳಿಯದಾಯಿತು.

2011ರ ಫೆಬ್ರುವರಿಯಲ್ಲಿ ಜನಗಣತಿಯವರು ಮನೆಗೆ ಬಂದಾಗ ಜಗಲಿಯ ಮೇಲೆ ಕೂತು ಉತ್ತರ ಹೇಳಿದವನು ನಾನು. ಮಾತೃಭಾಷೆ ಯಾವುದೆಂದು ಕೇಳಿದರು. ಆಗ ಬೆಂಗಳೂರಿನ ಹಾಸ್ಟೆಲಿನಲ್ಲಿ, ನನ್ನ ಮಾತಿನ ಧಾಟಿ ಕೇಳಿ ‘ನೀನು ಆಂಧ್ರದವನಾ?’ ಎಂದು ದಿನವೂ ಕೇಳಿಸಿಕೊಂಡು ಸಾಕಾಗಿದ್ದ ನಾನು, ಯೋಚಿಸದೆ ‘ಕನ್ನಡ’ ಎಂದೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಜನಗಣತಿಯ ವ್ಯಾಖ್ಯೆ, ಬಲ್ಲ ಬೇರೆ ಎರಡು ಭಾಷೆಗಳಿಗೆ ಪ್ರತ್ಯೇಕ ಜಾಗವೂ ಅದರಲ್ಲಿದೆ ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಕನ್ನಡವನ್ನು ಅಲ್ಲಿ ಬರೆಸಿದ್ದರೂ ಸುಳ್ಳಾಗುತ್ತಿರಲಿಲ್ಲ, ಅಮ್ಮನ ಜಾಗದಲ್ಲಿ ಬರೆಸಿದ್ದೇ ತಪ್ಪಾಯಿತು. ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಏನೂ ಅನ್ನಲಿಲ್ಲ. ಆದರೆ ಆ ರಾತ್ರಿ, ನಾನು ಹುಟ್ಟಿದಂದಿನಿಂದ ‘ತಿಂದುವು ರಾರಾ’ ಎಂದೇ ಕರೆಯುತ್ತಿದ್ದ ಅಮ್ಮ, ತಡವರಿಸುತ್ತಾ ‘ಊಟಕ್ಕೆ ಬಾಪ್ಪ’ ಎಂದು ಕರೆದಳು.

ಕನ್ನಡ ನನ್ನದಲ್ಲವೆಂದು ನಾನು ಎಂದೂ ಹೇಳಲಾರೆ. ಕನಸು ಬೀಳುವುದೂ ಕನ್ನಡದಲ್ಲೇ, ಈ ಪತ್ರ ಬರುತ್ತಿರುವುದೂ ಕನ್ನಡದಲ್ಲೇ. ಅದನ್ನು ಹೇಳಿಕೊಳ್ಳಲು ಅಮ್ಮನನ್ನು ಬಾಗಿಲ ಹಿಂದೆ ನಿಲ್ಲಿಸಬೇಕಾಗಿರಲಿಲ್ಲ, ಅಷ್ಟೇ. ಮುಂದಿನ ಸಲ ಗಣತಿಯವರು ಬಂದಾಗ ಉತ್ತರ ಹೇಳಲು ಅವಳನ್ನೇ ಜಗಲಿಯಲ್ಲಿ ಕೂರಿಸುತ್ತೇನೆ.

ಎಲ್ಲರೂ ಓದುವ ಪತ್ರದಲ್ಲಿ ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಇರಲಿ ಬಿಡು. ಶ್ರೀನಿವಾಸಪುರದ ಮಾವು ಸಂತೆಗೆ ಬರುವ ಹೊತ್ತಿಗೆ ಒಮ್ಮೆ ಬಂದು ಹೋಗು. ಅಮ್ಮ ತೆಲುಗಿನಲ್ಲಿ ಬಲವಂತ ಮಾಡಿ ಬಡಿಸುತ್ತಾಳೆ, ನೀನು ತಮಿಳಿನಲ್ಲಿ ಸಾಕೆನ್ನುವೆಯಂತೆ. ಹೋದ ಸಲದಂತೆ ಎರಡು ಮುದ್ದೆ ಹೆಚ್ಚೇ ಬೀಳುತ್ತದೆ. ಬರುವಾಗ ಛತ್ರಿ ಮಾತ್ರ ತರಬೇಡ.

ನಿನ್ನ
ಎರಡನೇ ಬೆಂಚಿನವನು