ಒಳ್ಳೆ ನಡತೆಗೆ ದುಬಾರಿ ಬಹುಮಾನ ಬೇಡ

ಮಾನ್ಯರೇ,

ಶಿಸ್ತಿನಿಂದಿರುವ ಮಕ್ಕಳಿಗೆ ಚಾಕೊಲೇಟ್, ಪೆನ್ನು ಕೊಡುವ ರೂಢಿ ನಮ್ಮ ಕಡೆಯ ಶಾಲೆಗಳಲ್ಲೂ ಜಾಸ್ತಿಯಾಗಿದೆ. ಖರ್ಚು ಮಾತ್ರ ಮೇಷ್ಟ್ರ ಜೇಬಿನದ್ದು. ಅದರ ಅಗತ್ಯವೇ ಇಲ್ಲ. ಸಂಜೆ ಲಾಂಗ್ ಬೆಲ್ ಹೊಡೆಯುವ ಅವಕಾಶ ಕೊಟ್ಟು ನೋಡಿ, ಮಕ್ಕಳ ಮುಖ ಹೇಗೆ ಅರಳುತ್ತದೆ!

ನಾನು ಹೆಚ್ಚು ನಂಬಿರುವುದು ಅಂಚೆ ಕಾರ್ಡನ್ನು. ಬೆಲೆ 50 ಪೈಸೆ. ಕಳೆದ ಮಳೆಗಾಲದಲ್ಲಿ ನಮ್ಮ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, ಯಾರೂ ಹೇಳದಿದ್ದರೂ, ಎಲ್ಲರ ಒದ್ದೆ ಕೊಡೆಗಳನ್ನು ಜಗಲಿಯಲ್ಲಿ ಸಾಲಾಗಿ ಬಿಡಿಸಿಟ್ಟು ಚಿಕ್ಕವರು ಜಾರಿ ಬೀಳದ ಹಾಗೆ ನೆಲ ಒರೆಸುತ್ತಿದ್ದಳು. ಅದನ್ನೇ ನಾಲ್ಕು ಸಾಲು ಬರೆದು ಮನೆಗೆ ಹಾಕಿದೆ. ಅವಳ ಅಜ್ಜಿ ಆ ಕಾರ್ಡನ್ನು ಕ್ಯಾಲೆಂಡರಿನ ಪಕ್ಕ ಸಿಕ್ಕಿಸಿ ಬಂದವರಿಗೆಲ್ಲ ಓದಿಸಿದರಂತೆ.

ಸುಮ್ನೆ ‘ಒಳ್ಳೆ ಹುಡುಗಿ’ ಅಂದರೆ ಸಾಲದು, ಏನು ಮಾಡಿದ್ದಕ್ಕೆ ಅಂತ ಹೇಳಬೇಕು. ಮಾತು ಕಡಿಮೆ ಆಡುವ, ಹಿಂದಿನ ಸಾಲಿನ ಮಕ್ಕಳನ್ನೂ ಗಮನಿಸಬೇಕು, ಅವರೇ ಹೆಚ್ಚಾಗಿ ತಪ್ಪಿಹೋಗುವುದು, ಅಲ್ವಾ?

ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಶಾಲೆಗೆ 100 ಕಾರ್ಡು ಕೊಡಿಸಲಿ. 50 ರೂಪಾಯಿ ಆಗುತ್ತದೆ, ಅಷ್ಟೇ.

– ಒಬ್ಬ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು