ಹೂಡಿಕೆ ತರಲು ಮಲೆನಾಡಿಗೂ ಹಣ ಕೊಡಿ

ಮಾನ್ಯರೇ,

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ ಬಂಡವಾಳದ ಭರವಸೆ ಸಿಕ್ಕಿದೆ ಎಂದು ಸರ್ಕಾರ ಹೇಳಿತು. ಸಂತೋಷ. ಆದರೆ ಹೊರದೇಶದ ಕಂಪನಿಗಳಿಗೆ ಶಿವಮೊಗ್ಗವನ್ನು ಪರಿಚಯಿಸುವವರು ಯಾರು? ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕದ ಕೆಲಸ ಬಲ್ಲ ನುರಿತ ಕೈಗಳಿವೆ. ಭದ್ರಾವತಿಗಂತೂ ಕಬ್ಬಿಣದ ಕೆಲಸ ನೂರು ವರ್ಷದಿಂದ ಗೊತ್ತು. ಇದನ್ನೆಲ್ಲ ರಾಜಧಾನಿಯಲ್ಲಿ ಕೂತವರೇ ಹೇಳಲಿ ಅಂದರೆ ಆಗದು, ಅಲ್ವಾ? ಓದಿದ ನಮ್ಮ ಮಕ್ಕಳು ಊರು ಬಿಡುತ್ತಲೇ ಇದ್ದಾರೆ.

ಹೂಡಿಕೆ ತರುವುದಕ್ಕೆಂದೇ ಇಲ್ಲೊಂದು ಪ್ರಾದೇಶಿಕ ಸಂಸ್ಥೆ ಬೇಕು. ಅದಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಇಡಿ. ಒಂದು ವರ್ಷ ಕೊಟ್ಟು ಸುಮ್ಮನಾಗಬೇಡಿ. ಕಂಪನಿಯೊಂದು ಜಾಗ ನೋಡಿ, ಮಾತುಕತೆ ಮುಗಿಸಲು ವರ್ಷಗಳೇ ಬೇಕು. ಹಾಗಂತ ಕಾಡು ಕಡಿಯುವ, ತುಂಗಾ–ಭದ್ರಾ ನೀರು ಕೆಡಿಸುವ ಉದ್ಯಮ ಬೇಡವೇ ಬೇಡ.

– ಒಬ್ಬ ಓದುಗ, ಭದ್ರಾವತಿ